ಎರಕದ ಮೈ: ಕಲ್ಯಾಣದಿಂದ ಸೊಲ್ಲಾಪುರದವರೆಗೆ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಚರಿತ್ರೆಯನ್ನು ಬರೆಯುವವರು ಸೊನ್ನಲಿಗೆಯ ಸಿದ್ಧರಾಮನಿಂದ ತೊಡಗಿ ಗಿರಣಿಯ ಚಾದರಿನಲ್ಲಿ ಮುಗಿಸುವುದು ರೂಢಿ. ನಾನೂ ಈ ಹಿಂದೆ ಹಾಗೆಯೇ ಬರೆದಿದ್ದೇನೆ. ಕಲ್ಲಿನ ಚರಿತ್ರೆ, ನೂಲಿನ ಚರಿತ್ರೆ, ವಚನದ ಚರಿತ್ರೆ ನಮಗೆ ತಕ್ಕಮಟ್ಟಿಗೆ ತಿಳಿದಿವೆ. ಲೋಹದ ಚರಿತ್ರೆ ತಿಳಿದಿಲ್ಲ. ಅದರಲ್ಲಿಯೂ ಕರಗಿದ ಲೋಹವನ್ನು ಅಚ್ಚಿಗೆ ಎರೆದಾದ ಮೇಲೆ ನಡೆಯುವ ಕೆಲಸವೊಂದುಂಟು. ಎರಕದ ಮೈಯನ್ನು ಕೆರೆದು, ಅರದಿಂದ ಉಜ್ಜಿ, ಕಣ್ಣು, ಕೈ, ಕಿವಿಗಳಿಂದ ಪರೀಕ್ಷಿಸಿ, ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ತೀರ್ಮಾನಿಸುವ ಕೆಲಸ. ಈ ಕೆಲಸವನ್ನು ಕುರಿತ ಒಂದು ಕನ್ನಡ ಲೇಖನವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನನಗೆ ಈ ವಿಷಯ ಬಂದದ್ದು ಪುಸ್ತಕದಿಂದಲ್ಲ, ಮನೆಯಿಂದ. ನನ್ನ ಹಿರಿಯಣ್ಣನು 1961ರಿಂದ 1987ರವರೆಗೆ ಸೊಲ್ಲಾಪುರದ ಒಂದು ಎರಕದ ಕಾರ್ಖಾನೆಯಲ್ಲಿ ಈ ಕೆಲಸ ಮಾಡಿದನು. ಅಲ್ಲಿ ಅದಕ್ಕೆ ಫೆಟ್ಲಿಂಗ್ ಎಂದು ಹೆಸರು. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅಣ್ಣನ ಬಾಯಲ್ಲಿ ಆ ಶಬ್ದ ಹೊರಳುತ್ತಿರಲಿಲ್ಲ; ಅವನು ಅದನ್ನು ‘ಮೈ ತೊಳೆಯೂದು’ ಎನ್ನುತ್ತಿದ್ದನು. ಅವನ ಸಂಬಳದಲ್ಲಿ ನಾನು ಬಿ.ಎ., ಬಿ.ಎಡ್. ಮುಗಿಸಿ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗೆ ಮಾಸ್ತರನಾದೆನು. ಆ ಋಣ ಈ ಲೇಖನದ ಹಿಂದೆ ಇದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎರಕವು ಅಚ್ಚಿನಿಂದ ಹೊರಬಂದಾಗ ಹೇಗಿರುತ್ತದೆ ಎಂಬುದನ್ನು ನೋಡದವರು ಊಹಿಸುವುದು ಕಷ್ಟ. ಗಣಪತಿಯ ಮೂರ್ತಿಯೋ ಪಂಪಿನ ಕವಚವೋ ಹೊಳೆಯುತ್ತ ಹೊರಬರುವುದಿಲ್ಲ. ಉಸುಕು ಸುಟ್ಟು ಮೈಗೆ ಕಚ್ಚಿಕೊಂಡಿರುತ್ತದೆ. ಲೋಹವನ್ನು ಹೊಯ್ದ ಕಾಲುವೆಗಳು ಕೊಂಬುಗಳಂತೆ ಮೈಗೆ ಅಂಟಿರುತ್ತವೆ. ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ, ಕಡಬಿನ ಅಂಚಿನಿಂದ ಹಿಟ್ಟು ಹೊರಚಾಚಿದಂತೆ, ತೆಳುವಾದ ರೆಕ್ಕೆ ಎದ್ದಿರುತ್ತದೆ. ಇವು ಕಣ್ಣಿಗೆ ಕಾಣುವ ತೊಡಕುಗಳು. ಕಾಣದಂಥವು ಬೇರೆ ಇವೆ. ಅಚ್ಚಿನಲ್ಲಿ ಹಸಿ ಉಳಿದಿದ್ದರೆ ಆವಿ ಸಿಕ್ಕಿಕೊಂಡು ಗಾಳಿಗುಳ್ಳೆಯಾಗುತ್ತದೆ. ಎರಡು ಕಡೆಯಿಂದ ಹರಿದುಬಂದ ಲೋಹ ತಕ್ಕಷ್ಟು ಬಿಸಿಯಿಲ್ಲದೆ ಎದುರುಬದುರಾದರೆ ಒಂದನ್ನೊಂದು ಮುಟ್ಟುತ್ತದೆಯೇ ಹೊರತು ಬೆರೆಯುವುದಿಲ್ಲ. ಮೇಲೆ ಒಂದು ಕೂದಲೆಳೆಯಂಥ ಗೆರೆ ಮಾತ್ರ ಕಾಣುತ್ತದೆ. ದಪ್ಪ ಭಾಗವು ತೆಳು ಭಾಗಕ್ಕಿಂತ ತಡವಾಗಿ ಆರುವುದರಿಂದ ಕೆಲವೊಮ್ಮೆ ಎರಕವು ತನ್ನನ್ನು ತಾನೇ ಸೀಳಿಕೊಳ್ಳುತ್ತದೆ. ಮೈ ತೊಳೆಯುವವನು ಉಸುಕನ್ನು ತೆಗೆಯುತ್ತಾನೆ ಎಂಬುದು ಅರ್ಧ ಮಾತು. ಉಸುಕಿನಡಿಯಲ್ಲಿ ಏನಿದೆ ಎಂಬುದನ್ನು ಮೊಟ್ಟಮೊದಲು ನೋಡುವವನು ಅವನೇ.

ಈ ವಿದ್ಯೆಯ ಅತ್ಯಂತ ಹಳೆಯ ಲಿಖಿತ ಸಾಕ್ಷಿಗಳಲ್ಲೊಂದು ನಮಗೆ ದೂರದ್ದಲ್ಲ. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮೂರ್ತಿಗಳನ್ನು ಎರೆಯುವ ವಿಧಾನವಿದೆ. ಮೊದಲು ಜೇನುಮೇಣದಲ್ಲಿ ಮೂರ್ತಿಯನ್ನು ಮಾಡಬೇಕು. ಅದರ ಮೇಲೆ ಮಣ್ಣು ಮೆತ್ತಬೇಕು. ಮಣ್ಣು ಎಂದರೆ ಹೊಲದಿಂದ ತಂದ ಮಣ್ಣಲ್ಲ; ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ತುಸು ಉಪ್ಪು ಕೂಡಿಸಿ ನುಣುಪಾದ ಕಲ್ಲಿನ ಮೇಲೆ ಅರೆದ ಮಣ್ಣು. ಮೊದಲ ಲೇಪವು ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು. ಆಮೇಲೆ ಎರಡನೆಯದು, ಕೊನೆಗೆ ದಪ್ಪನೆಯ ಮೂರನೆಯದು. ಮೇಣವನ್ನು ತೂಗಿ ಅದಕ್ಕೆ ತಕ್ಕಂತೆ ಲೋಹವನ್ನು ತೂಗಬೇಕು: ಬೆಳ್ಳಿಯಾದರೆ ಮೇಣದ 12 ಪಟ್ಟು, ಬಂಗಾರವಾದರೆ 16 ಪಟ್ಟು. ಕಾಯಿಸಿದಾಗ ಮೇಣ ಹರಿದುಹೋಗುತ್ತದೆ, ಅದರ ಜಾಗಕ್ಕೆ ಲೋಹ ಬರುತ್ತದೆ.

ನಾನು ಈ ಭಾಗವನ್ನು ಮೊದಲ ಸಲ ಓದಿದಾಗ ತೂಕದ ಲೆಕ್ಕವೇ ದೊಡ್ಡದೆಂದು ತಿಳಿದಿದ್ದೆ. ಅಣ್ಣನಿಗೆ ಓದಿ ಹೇಳಿದಾಗ ಅವನು ತೂಕದ ಮಾತನ್ನು ಬಿಟ್ಟು ಮೊದಲ ಲೇಪದ ಮಾತನ್ನು ಹಿಡಿದನು. ‘ಆ ರಾಜಾಗ ಕೆಲಸ ಗೊತ್ತಿತ್ತು ನೋಡು ತಮ್ಮಾ’ ಎಂದನು. ಲೋಹಕ್ಕೆ ತಾಗುವುದು ಮೊದಲನೆಯ ಲೇಪ ಮಾತ್ರ. ಅದು ನುಣುಪಾಗಿದ್ದರೆ ಮೈ ನುಣುಪು, ಅದು ಒರಟಾಗಿದ್ದರೆ ಮುಂದೆ ಎಷ್ಟು ಉಜ್ಜಿದರೂ ಕೂಲಿ ಹೆಚ್ಚೇ ಹೊರತು ಮೈ ಒಳ್ಳೆಯದಾಗುವುದಿಲ್ಲ. ಹತ್ತಿ ಮತ್ತು ಹೊಟ್ಟು ಸುಟ್ಟುಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದು ಗಾಳಿಗೆ ದಾರಿಯಾಗುತ್ತವೆ ಎಂಬುದನ್ನೂ ಅವನೇ ವಿವರಿಸಿದನು. ಅವನ ಕಾರ್ಖಾನೆಯಲ್ಲಿ ಅಚ್ಚಿನ ಒಳಮೈಗೆ ಗ್ರಾಫೈಟಿನ ನೀರನ್ನು ಬಳಿಯುತ್ತಿದ್ದರು. ಎಂಟು ನೂರು ವರ್ಷಗಳ ಅಂತರದಲ್ಲಿ ಉಪಾಯ ಬದಲಾಗಿತ್ತು, ಉದ್ದೇಶ ಬದಲಾಗಿರಲಿಲ್ಲ.

ಕಲ್ಯಾಣದ ಮಗ್ಗುಲಿಗೇ ಬೀದರ. ಅಲ್ಲಿಯ ಬಿದರಿ ಪಾತ್ರೆಗಳು ಎರಕದ ಮೈಗೆ ದೊರೆತ ಅತಿ ದೊಡ್ಡ ಮರ್ಯಾದೆ ಎನ್ನಬಹುದು. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಉಸುಕಿನ ಅಚ್ಚಿನಲ್ಲಿ ಎರೆದ ಪಾತ್ರೆಯನ್ನು ಅರದಿಂದ ಉಜ್ಜಿ ಸಮ ಮಾಡಿ, ಚಿತ್ತಾರ ಕೊರೆದು ಬೆಳ್ಳಿಯನ್ನು ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದರೆ ಎರಕದ ಭಾಗ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಮುಂದೆ ಹೋಗುತ್ತೇನೆ.

ನಮ್ಮ ನೆಲದ ಮೇಲೆ ಹಾದುಹೋದ ಎರಕಗಳಲ್ಲೆಲ್ಲ ದೊಡ್ಡದು ವಿಜಾಪುರದ ಮಲಿಕ್-ಎ-ಮೈದಾನ್ ತೋಪು. ಇದು ವಿಜಾಪುರದಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದನಗರದ ಬುರ್ಹಾನ್ ನಿಜಾಮಶಹನಿಗಾಗಿ ಮಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ತುರ್ಕಿ ಎರಕಗಾರನು ಇದನ್ನು ಅಹಮದನಗರದಲ್ಲಿ ಎರೆದನು. ಉದ್ದ 14 ಅಡಿ 4 ಅಂಗುಲ, ಬಾಯಿಯ ಒಳವ್ಯಾಸ 2 ಅಡಿ 4 ಅಂಗುಲ, ತೂಕ ಸುಮಾರು 55 ಟನ್. ಬಾಯಿ ಸಿಂಹಮುಖದ್ದು, ಅದರ ದವಡೆಯಲ್ಲಿ ಆನೆ ಸಿಕ್ಕಿಕೊಂಡಂತೆ ರೂಪಿಸಿದ್ದಾರೆ. ಲೋಹ ಕಂಚು, ಹೆಚ್ಚುಕಡಿಮೆ 80 ಪಾಲು ತಾಮ್ರ, 20 ಪಾಲು ತವರ. ಗಂಟೆಗಳನ್ನು ಎರೆಯುವುದೂ ಇಂಥ ಲೋಹದಲ್ಲಿಯೇ. ಆದಕಾರಣ ಮೆಲ್ಲಗೆ ತಟ್ಟಿದರೆ ತೋಪು ಗಂಟೆಯಂತೆ ನುಡಿಯುತ್ತದೆ. ಪರಾಂಡೆಯ ಕೋಟೆಯಲ್ಲಿದ್ದ ಈ ತೋಪನ್ನು 1632ರಲ್ಲಿ ಆದಿಲಶಾಹಿಯ ಮುರಾರಿ ಪಂಡಿತನು ವಿಜಾಪುರಕ್ಕೆ ತರಿಸಿದನು. ಪರಾಂಡೆಯಿಂದ ವಿಜಾಪುರಕ್ಕೆ ಹೋಗಬೇಕಾದರೆ ನಮ್ಮ ಸೀಮೆಯನ್ನು ಹಾದು ಭೀಮೆಯನ್ನು ದಾಟಲೇಬೇಕು. ನಾನೂರು ಎತ್ತುಗಳು, ಹತ್ತು ಆನೆಗಳು ಎಳೆದವೆಂದು ಜನ ಹೇಳುತ್ತಾರೆ. ಇದರ ಜೊತೆಯ ‘ಕಡಕ್ ಬಿಜಲಿ’ ಎಂಬ ಇನ್ನೊಂದು ತೋಪು ದಾರಿಯಲ್ಲಿ ಹೊಳೆಯ ಪಾಲಾಯಿತೆಂದೂ ಐತಿಹ್ಯವಿದೆ.

ಈ ತೋಪಿನ ಮೈ ನೋಡುವಂಥದು. ಕಡುಹಸುರು ಬಣ್ಣಕ್ಕೆ ತಿರುಗಿದ ಕಂಚು ಕನ್ನಡಿಯ ಮೇಲೆ ಕೈಯಿಟ್ಟಂತೆ ನುಣುಪಾಗಿದೆ. ಐವತ್ತೈದು ಟನ್ ಲೋಹವು ಈ ನುಣುಪಿನೊಡನೆ ಅಚ್ಚಿನಿಂದ ಹೊರಬರಲಾರದು. ಮಾಡಿಸಿದ ಸುಲ್ತಾನನ ಹೆಸರು ಅದರ ಮೇಲಿದೆ, ಎರೆದ ರೂಮಿಯ ಹೆಸರಿದೆ. ಎರಕವಾಗಿ 137 ವರ್ಷಗಳಾದ ಮೇಲೆ, 1686ರಲ್ಲಿ ವಿಜಾಪುರವನ್ನು ಗೆದ್ದ ಔರಂಗಜೇಬನ ಹೆಸರೂ ಅದೇ ಮೈಮೇಲೆ ಬಂದು ಸೇರಿತು.

1979ರ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳನ್ನು ವಿಜಾಪುರಕ್ಕೆ ಕರೆದುಕೊಂಡು ಹೋದಾಗ ಅಣ್ಣನೂ ಜೊತೆಗೆ ಬಂದಿದ್ದನು. ಮಕ್ಕಳು ಸಿಂಹದ ಬಾಯನ್ನು ನೋಡುತ್ತಿದ್ದರೆ ಅವನು ತೋಪಿನ ಪಕ್ಕೆಯ ಮೇಲೆ ಅಂಗೈಯಾಡಿಸುತ್ತ ಒಂದು ಸುತ್ತು ಬಂದನು. ಬಳಿಕ ಬೆರಳಿನ ಗೆಣ್ಣಿನಿಂದ ಮೂರು ಕಡೆ ತಟ್ಟಿ, ಕಿವಿಗೊಟ್ಟು ಕೇಳಿದನು. ‘ಸೀಳಿಲ್ಲ’ ಎಂದನು. ಸ್ವಲ್ಪ ಹೊತ್ತಿನ ಮೇಲೆ, ‘ಇದನ್ನ ಉಜ್ಜಿದವರು ಎಷ್ಟು ಮಂದಿ ಇದ್ದಿರಬೇಕು ತಮ್ಮಾ? ಎಷ್ಟು ತಿಂಗಳು?’ ಎಂದು ಕೇಳಿದನು. ಇತಿಹಾಸದ ಮಾಸ್ತರನಾದ ನನ್ನ ಬಳಿ ಉತ್ತರವಿರಲಿಲ್ಲ.

ಇದೇ ತೋಪು 1854ರಲ್ಲಿ ಹರಾಜಿಗೆ ಬಂದಿತ್ತು. ಆಗ ವಿಜಾಪುರವು ಸಾತಾರೆಯ ಆಡಳಿತಕ್ಕೆ ಸೇರಿತ್ತು. ಹಳೆಯ ತೋಪುಗಳನ್ನೂ ಉಪಯೋಗಕ್ಕೆ ಬಾರದ ಸಾಮಾನನ್ನೂ ಮಾರಿಬಿಡಬೇಕೆಂದು ಅಲ್ಲಿಯ ಕಮಿಷನರನ ಆಜ್ಞೆಯಾಯಿತು. ಮಲಿಕ್-ಎ-ಮೈದಾನಿಗೆ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಇಷ್ಟು ಕಡಿಮೆ ಬೆಲೆಗೆ, ಅದೂ ಜನ ಭಕ್ತಿಯಿಂದ ಕಾಣುವ ವಸ್ತುವನ್ನು, ಕೊಡುವುದು ಸರಿಯಲ್ಲವೆಂದು ಮಾಮಲೇದಾರನು ಮೇಲಿನವರಿಗೆ ತಿಳಿಸಿದ್ದರಿಂದ ಮಾರಾಟ ರದ್ದಾಯಿತು. ನಮ್ಮ ಗಡಿಭಾಗದ ಇತಿಹಾಸದಲ್ಲಿ ಒಬ್ಬ ಮಾಮಲೇದಾರನನ್ನು ಕೃತಜ್ಞತೆಯಿಂದ ನೆನೆಯಬೇಕಾದ ಸಂದರ್ಭಗಳು ಹೆಚ್ಚಿಲ್ಲ, ಇದು ಅಂಥದೊಂದು.

1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದಿತು. 1877ರಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾಯಿತು. ಇವೆರಡರ ಜೊತೆಗೆ ಕಂಚಿನ ಕಾಲ ಹೋಗಿ ಎರಕದ ಕಬ್ಬಿಣದ ಕಾಲ ಬಂದಿತು. ಗಿರಣಿಯ ಯಂತ್ರಗಳು ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದವು. ಆದರೆ ಮುರಿದ ಹಲ್ಲುಚಕ್ರಕ್ಕಾಗಿ ಮತ್ತೆ ಹಡಗನ್ನು ಕಾಯುತ್ತ ಕುಳಿತರೆ ಗಿರಣಿ ನಡೆಯುವುದಿಲ್ಲ. ಗಿರಣಿಯಿದ್ದ ಊರಿಗೆ ಎರಕದ ಕುಲುಮೆ ಬೇಕೇ ಬೇಕು.

ಈ ಕಬ್ಬಿಣದ ಎರಕವನ್ನು ರೈತನ ಹೊಲಕ್ಕೆ ತಂದವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಇವುಗಳಿಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಬೆಳಗಾವಿಯ ಜಾಗವನ್ನು ಬಿಡಬೇಕಾಗಿ ಬಂದಾಗ ಔಂಧದ ಅರಸರು ಕುಂಡಲ ರೋಡ್ ಸ್ಟೇಶನ್ನಿನ ಬಳಿ ಭೂಮಿ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣಕ್ಕೆ ಬರ ಬಂದಾಗ ಕೊಲ್ಲಾಪುರದ ಶಾಹು ಮಹಾರಾಜರು ಕೋಟೆಯಲ್ಲಿದ್ದ ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರು. ವಿಜಾಪುರದ ತೋಪನ್ನು ಉಳಿಸಿದ ಮಾಮಲೇದಾರನನ್ನು ಹೊಗಳಿದ ನಾನು, ತೋಪನ್ನು ನೇಗಿಲಾಗಿಸಿದ ಮಹಾರಾಜರನ್ನೂ ಹೊಗಳುತ್ತೇನೆ. ಎರಡಕ್ಕೂ ಕಾಲ ಬೇರೆ, ಕಾರಣ ಬೇರೆ.

ನೇಗಿಲಿನ ಎರಕದ ಕುಳದಲ್ಲಿ ಮೈಯೇ ಮುಖ್ಯ. ಅಚ್ಚಿನಲ್ಲಿ ಕುಳದ ತುದಿ ಬರುವ ಕಡೆ ಉಸುಕಿನ ಬದಲು ಒಂದು ಲೋಹದ ತುಂಡನ್ನು ಇಟ್ಟರೆ ಅಲ್ಲಿ ಹರಿದ ಕಬ್ಬಿಣವು ಥಟ್ಟನೆ ಆರಿ ಬಿಳಿಯಾಗಿ ಗಟ್ಟಿಯಾಗುತ್ತದೆ. ಉಳಿದ ಭಾಗ ಬೂದುಬಣ್ಣದ್ದಾಗಿ ಮೆತ್ತಗಿರುತ್ತದೆ. ಪರೀಕ್ಷೆ ಸುಲಭ. ತುದಿಯ ಮೇಲೆ ಅರ ಹಿಡಿಯದೆ ಜಾರಬೇಕು. ಅರ ಕಚ್ಚಿದರೆ ಆ ಕುಳವನ್ನು ನಮ್ಮ ಕರಿಮಣ್ಣು ಒಂದೇ ಹಂಗಾಮಿನಲ್ಲಿ ತಿಂದುಬಿಡುತ್ತದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇಥ್ ಯಂತ್ರಗಳು ತಯಾರಾಗತೊಡಗಿದವು. ಲೇಥಿನ ಎರಕದ ಹಾಸನ್ನು ಸಮತಟ್ಟು ಮಾಡಲು ನೀಲಿ ಬಣ್ಣವನ್ನು ಸವರಿ, ಬಣ್ಣ ಹತ್ತಿದ ಉಬ್ಬುಗಳನ್ನು ಕೈ ಉಳಿಯಿಂದ ಒಂದೊಂದಾಗಿ ಕೆರೆಯುವ ಪದ್ಧತಿಯುಂಟು. ಅಂಥ ಕೆಲಸಗಾರನ ಅಂಗೈಯನ್ನು ಮುಟ್ಟಿ ನೋಡಿದವರಿಗೆ ಆ ವಿದ್ಯೆಯ ಬೆಲೆ ತಿಳಿಯುತ್ತದೆ.

ಅಣ್ಣನ ಪರೀಕ್ಷೆಗಳು ಇಷ್ಟು ಸೂಕ್ಷ್ಮವಲ್ಲ. ಆದರೆ ಅವೂ ಹಳೆಯವು. ಎರಕವನ್ನು ಸರಪಳಿಯಲ್ಲಿ ತೂಗಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಠಣ್ ಎಂದು ನಾದ ಉಳಿಯಬೇಕು. ಮಂದವಾಗಿ ಸತ್ತರೆ ಒಳಗೆ ಸೀಳಿದೆಯೆಂದು ಅರ್ಥ. ಸಂತೆಯಲ್ಲಿ ನಮ್ಮ ತಾಯಂದಿರು ಗಡಿಗೆಯನ್ನು ಬಡಿದು ನೋಡಿ ಕೊಳ್ಳುವುದು ಇದೇ ಶಾಸ್ತ್ರ. ಇನ್ನೊಂದು, ರೈಲ್ವೆ ಕಾರ್ಖಾನೆಗಳಲ್ಲಿ ರೂಢಿಯಲ್ಲಿದ್ದ ಎಣ್ಣೆ ಸುಣ್ಣದ ಪರೀಕ್ಷೆ. ಎರಕವನ್ನು ತೆಳು ಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣವನ್ನು ಬಳಿಯುವುದು. ಬಿರುಕಿನಲ್ಲಿ ಅಡಗಿದ್ದ ಎಣ್ಣೆ ಹೊರಜಿನುಗಿ ಬಿಳಿಯ ಮೇಲೆ ಕಪ್ಪುಗೆರೆ ಮೂಡುತ್ತದೆ. 1868ರಲ್ಲಿ ಸ್ಯಾಕ್ಸ್‌ಬಿ ಎಂಬ ಇಂಗ್ಲಿಷರವನು ಬಂದೂಕಿನ ನಳಿಗೆಯನ್ನು ಅಯಸ್ಕಾಂತವಾಗಿಸಿ, ಪಕ್ಕದಲ್ಲಿ ದಿಕ್ಸೂಚಿಯನ್ನು ಸರಿಸುತ್ತ, ಮುಳ್ಳು ಎಲ್ಲಿ ಅಲುಗುತ್ತದೋ ಅಲ್ಲಿ ದೋಷವಿದೆಯೆಂದು ತೋರಿಸಿದನು. ಇಂದಿನ ಕಾಂತಪುಡಿಯ ಪರೀಕ್ಷೆಗೆ ಅದು ಪೂರ್ವಪೀಠಿಕೆ. ಶೆಫೀಲ್ಡಿನ ಉಕ್ಕಿನ ಎರಕದವರು ಮೈಯ ದೋಷಗಳನ್ನು ಒಂಬತ್ತು ಬಗೆಗಳಾಗಿ ವಿಂಗಡಿಸಿ, ಮುಟ್ಟಿ ಹೋಲಿಸಲು ಪ್ಲಾಸ್ಟಿಕ್ ಫಲಕಗಳನ್ನೇ ಮಾಡಿದ್ದಾರೆ. ಅಣ್ಣನಿಗೆ ಅಂಥ ಫಲಕಗಳು ಸಿಕ್ಕಿರಲಿಲ್ಲ.

ಮೈಯನ್ನು ಪರೀಕ್ಷಿಸುವ ವಿದ್ಯೆಯಿರುವಲ್ಲಿ ಮೈಯನ್ನು ಮರೆಮಾಚುವ ವಿದ್ಯೆಯೂ ಇರುತ್ತದೆ. ಸ್ಕಾಟ್ಲೆಂಡಿನ ಟೇ ನದಿಯ ಮೇಲೆ 1878ರಲ್ಲಿ ತೆರೆದ ರೈಲು ಸೇತುವೆಯು 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಕುಸಿದು, ರೈಲಿನಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ಸುಮಾರು 75 ಜನ ಸತ್ತರು. ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದ ರಚನೆಯೇ ಮುಖ್ಯ ಕಾರಣವೆಂಬುದು ನಿಜ. ಆದರೆ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಎರಕದ ಕಬ್ಬಿಣದ ಕಂಬಗಳಲ್ಲಿದ್ದ ಗುಳ್ಳೆಗಳಿಗೆ ಜೇನುಮೇಣ, ರಾಳ, ಕಬ್ಬಿಣದ ಪುಡಿ, ದೀಪದ ಕಾಡಿಗೆ ಕೂಡಿಸಿದ ಮುದ್ದೆಯನ್ನು ತುಂಬಿ, ಕಲ್ಲಿನಿಂದ ತಿಕ್ಕಿ ಲೋಹದಂತೆ ಕಾಣಿಸುತ್ತಿದ್ದರು. ಆ ಮುದ್ದೆಗೆ ಕೆಲಸಗಾರರಲ್ಲಿ ‘ಬೋಮಾಂಟನ ಮೊಟ್ಟೆ’ ಎಂದು ಹೆಸರೇ ಇತ್ತು. ಸೋಮೇಶ್ವರನ ಗ್ರಂಥದಲ್ಲಿ ಮೂರ್ತಿಗೆ ರೂಪ ಕೊಟ್ಟ ಜೇನುಮೇಣ ಇಲ್ಲಿ ಎಂಥ ಕೆಲಸಕ್ಕೆ ಬಿದ್ದಿತು ನೋಡಿ.

ಈ ಕಥೆಯನ್ನು ಹೇಳಿದಾಗ ಅಣ್ಣನು ನಗಲೂ ಇಲ್ಲ, ಆಶ್ಚರ್ಯಪಡಲೂ ಇಲ್ಲ. ಅವನ ಕಾರ್ಖಾನೆಯಲ್ಲಿಯೂ ಒಂದು ಮುದ್ದೆಯಿತ್ತು. ಕೊಳ್ಳುವವರ ಕಡೆಯ ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಅದು ಹೊರಬರುತ್ತಿತ್ತು. ಅಣ್ಣನೂ ತುಂಬಿದ್ದನು, ಬಾಗಿಲ ಕಂಬಕ್ಕೆ, ಬೆಂಚಿನ ಕಾಲಿಗೆ, ಭಾರ ಹೊರದ ಜಾಗಕ್ಕೆ. ಅದನ್ನು ಅವನು ಮುಚ್ಚಿಡಲಿಲ್ಲ. ಒಂದು ದಿನ ಎಂಜಿನ್ನಿನ ದೊಡ್ಡ ಗಾಲಿಯೊಂದರ ನಡುಭಾಗದಲ್ಲಿ ಗುಳ್ಳೆಗಳ ಸಾಲು ಕಂಡಿತು. ಅದಕ್ಕೂ ತುಂಬಲು ಅಪ್ಪಣೆಯಾಯಿತು. ‘ಸಾಹೇಬ್ರ, ಇದು ತಿರುಗೂ ಮಾಲು. ಒಡೆದರ ಮನಷ್ಯಾನ ಮ್ಯಾಲ ಬರತೈತಿ’ ಎಂದು ಹೇಳಿ ಸುಣ್ಣದ ಕಡ್ಡಿಯಿಂದ ಗುಳ್ಳೆಗಳ ಸುತ್ತ ಗೆರೆ ಎಳೆದು ಬಂದನು. ಗಾಲಿಯನ್ನು ಒಡೆದು ಮತ್ತೆ ಕುಲುಮೆಗೆ ಹಾಕಿದರು. ಅಣ್ಣನನ್ನು ಅಚ್ಚು ಒಡೆಯುವ ವಿಭಾಗಕ್ಕೆ ಕಳಿಸಿದರು. ಇಡೀ ಕಾರ್ಖಾನೆಯ ಧೂಳೆಲ್ಲ ಹುಟ್ಟುವ ಜಾಗ ಅದು. ಆರು ತಿಂಗಳೆಂದು ಹೇಳಿ ಕಳಿಸಿದವರು ನಾಲ್ಕು ವರ್ಷ ಮರೆತರು.

ಧೂಳಿನ ಮಾತು ಹೇಳದೆ ಈ ಚರಿತ್ರೆ ಮುಗಿಯುವುದಿಲ್ಲ. ಅಮೆರಿಕೆಯ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಉಸುಕನ್ನು ರಭಸದಿಂದ ಹಾಯಿಸಿ ಮೈ ಉಜ್ಜುವ ಯಂತ್ರಕ್ಕೆ ಪೇಟೆಂಟ್ ಪಡೆದನು. ದಿನಗಟ್ಟಲೆಯ ಕೆಲಸ ಗಳಿಗೆಯಲ್ಲಿ ಆಗತೊಡಗಿತು. ಆದರೆ ಉಸುಕು ಒಡೆದು ಹಿಟ್ಟಿಗಿಂತ ನುಣ್ಣಗಾಗಿ ಗಾಳಿಯಲ್ಲಿ ನಿಲ್ಲುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಅಲ್ಲಿ ಗಾಯದ ಕಲೆಯಂಥ ಗಂಟುಗಳನ್ನು ಎಬ್ಬಿಸುತ್ತದೆ. ಅದೇ ಸಿಲಿಕೋಸಿಸ್. ಒಮ್ಮೆ ಹಿಡಿದರೆ, ಧೂಳು ಬಿಟ್ಟ ಮೇಲೆಯೂ ಬೆಳೆಯಬಲ್ಲ ರೋಗ. ಬ್ರಿಟನ್ನಿನಲ್ಲಿ ಎರಕದ ಮೈಗೆ ಉಸುಕು ಹಾಯಿಸುವುದನ್ನು 1949ರ ನಿಯಮಗಳು ನಿಷೇಧಿಸಿದವು. ಉಸುಕಿನ ಬದಲು ಉಕ್ಕಿನ ಸಣ್ಣ ಗುಂಡುಗಳು ಬಂದವು. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯು ಸಿಲಿಕೋಸಿಸನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ತಿಳಿಸಬೇಕಾದರೆ ಮೊದಲು ಗುರುತಿಸಬೇಕು. ಎಕ್ಸ್-ರೇ ಚಿತ್ರದಲ್ಲಿ ಇದು ಕ್ಷಯದಂತೆಯೇ ತೋರಬಲ್ಲದು. ಇದರ ಬೆನ್ನಿಗೆ ಕ್ಷಯ ಬರುವುದೂ ಉಂಟು. ಅಣ್ಣನಿಗೆ ಐದು ವರ್ಷ ಕ್ಷಯದ ಔಷಧವನ್ನೇ ಕೊಟ್ಟರು. ಎಂಥ ಕೆಲಸ ಮಾಡುತ್ತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಬೇರೆ ಊರಿನ ಒಬ್ಬ ತರುಣ ವೈದ್ಯರು ಕೇಳಿದರು. ಆ ವೇಳೆಗೆ ಅಣ್ಣನಿಗೆ ಮನೆಯಿಂದ ಬೀದಿಯ ಬಾವಿಯವರೆಗೆ ನಡೆಯುವುದೂ ಆಗುತ್ತಿರಲಿಲ್ಲ. 1993ರಲ್ಲಿ ತೀರಿಕೊಂಡನು. ಎರಕದ ಉಸಿರನ್ನು ಕಿವಿಗೊಟ್ಟು ಕೇಳಿದವನ ಎದೆಗೆ ತಕ್ಕ ಕಾಲದಲ್ಲಿ ಕಿವಿಗೊಟ್ಟವರಿಲ್ಲ ಎಂಬ ದುಃಖ ನನಗೆ ಇಂದಿಗೂ ಇದೆ.

ಈಗ ಸೊಲ್ಲಾಪುರದಲ್ಲಿಯೂ ಕೊಪ್ಪಳದ ಬೇವಿನಹಳ್ಳಿಯಲ್ಲಿಯೂ ಬೆಳಗಾವಿಯ ಉದ್ಯಮಬಾಗದಲ್ಲಿಯೂ ಎಂಜಿನ್ನುಗಳ ಬ್ಲಾಕು, ಸಿಲಿಂಡರಿನ ತಲೆ, ಪಂಪಿನ ಕವಚಗಳ ಎರಕ ನಡೆಯುತ್ತಿದೆ. ಮುಚ್ಚಿದ ಕೋಣೆಗಳಲ್ಲಿ ಉಕ್ಕಿನ ಗುಂಡುಗಳು ಮೈ ತೊಳೆಯುತ್ತವೆ. ಅಣ್ಣನ ಮಗನೂ ಒಂದು ಎರಕದ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದಾನೆ. ಡಿಪ್ಲೊಮಾ ಓದಿದವನು. ಕಾಂತಪುಡಿ, ನೇರಳೆ ದೀಪ, ಕಂಪ್ಯೂಟರಿನ ವರದಿ ಎಲ್ಲ ಅವನ ಕೈಯಲ್ಲಿವೆ; ಮುಖಕ್ಕೆ ಧೂಳುಗವಚ ಕಟ್ಟದೆ ಒಳಗೆ ಕಾಲಿಡುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾನೆ. ಕಳೆದ ಯುಗಾದಿಗೆ ಮನೆಗೆ ಬಂದಾಗ ಅಪ್ಪನ ಸುತ್ತಿಗೆಯನ್ನು ಕೇಳಿದನು. ಹಿಡಿಯನ್ನು ಬದಲಾಯಿಸಿ ಕೊಟ್ಟಿದ್ದೇನೆ.